ನೀರಿನ ಡ್ರಮ್ಮಿನ ಮೇಲಿನ ಎರಡು ಸಾಲುಗಳು

ಇವರಿಂದ: ಮಹದೇವಮ್ಮ, ಪಾತ್ರೆಗಳಿಗೆ ಹೆಸರು ಹಾಕುವ ಕೆಲಸ, ಕೆಸರೆ, ಮೈಸೂರು.

ಇವರಿಗೆ: ನರರೋಗ ವಿಭಾಗದ ಹೊರಗಿನ ಬೆಂಚುಗಳ ಮೇಲೆ ತಮ್ಮ ಸರದಿಗಾಗಿ ಕಾಯುತ್ತಿರುವ ಎಲ್ಲರಿಗೂ.

ಮಾನ್ಯರೇ,

ವಿಷಯ: ನನ್ನ ಕಿರುಮೆದುಳಿಗೆ ಬಂದ ಕಾಯಿಲೆ ಹಾಗೂ ನನ್ನ ಬಲಗೈ ನನಗೆ ವಾಪಸು ಬಂದ ಬಗ್ಗೆ ವಿವರ ಸಲ್ಲಿಸುವ ಕುರಿತು.

ಉಲ್ಲೇಖ: ಫಿಸಿಯೋಥೆರಪಿ ಮೇಡಂ ಅವರು ಬಾಯಿಮಾತಿನಲ್ಲಿ ನೀಡಿದ ಆದೇಶ.

ಮೊದಲನೆಯದಾಗಿ, ನನ್ನ ಕೈಬರಹಕ್ಕಾಗಿ ಹಾಗೂ ಕಾಗುಣಿತದ ತಪ್ಪುಗಳಿಗಾಗಿ ತಮ್ಮ ಕ್ಷಮೆಯನ್ನು ಕೋರುತ್ತೇನೆ. ನಾನು ಹತ್ತನೇ ತರಗತಿಯವರೆಗೆ ಮಾತ್ರ ಓದಿದವಳು. ಹತ್ತೊಂಬತ್ತು ವರ್ಷಗಳಿಂದ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಬರೆಯುತ್ತ ಬಂದಿದ್ದರೂ ಅವೆಲ್ಲ ಬೇರೆಯವರು ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳು. ನನ್ನದೇ ಮಾತನ್ನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಮರ್ಯಾದೆಯಿಂದ ಬರೆಯುವುದೆಂದರೆ ಅರ್ಜಿಯಂತೆ ಬರೆಯುವುದು ಎಂದಷ್ಟೇ ನನಗೆ ಗೊತ್ತು. ಆದಕಾರಣ ಆಸ್ಪತ್ರೆಗೆ ಕೊಟ್ಟಿದ್ದ ಅರ್ಜಿಗಳ ನಕಲುಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಕ್ಷರಗಳು ಅಲ್ಲಲ್ಲಿ ಗೆರೆ ಬಿಟ್ಟು ಕೆಳಗಿಳಿದಿರಬಹುದು. ಆದರೆ ಅವು ನನ್ನ ಬಲಗೈಯಿಂದಲೇ ಬಂದ ಅಕ್ಷರಗಳೆಂದು ಈ ಮೂಲಕ ದೃಢೀಕರಿಸುತ್ತೇನೆ. ಹೋದ ವರ್ಷ ಇದೇ ಹೊತ್ತಿಗೆ ಒಂದು ಲೋಟ ನೀರನ್ನು ಚೆಲ್ಲದೆ ಬಾಯಿಯವರೆಗೆ ತರಲು ಆ ಕೈಗೆ ಸಾಧ್ಯವಾಗುತ್ತಿರಲಿಲ್ಲ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಪಾತ್ರೆ ಅಂಗಡಿಯ ಬಾಗಿಲ ಪಕ್ಕದಲ್ಲಿ ನನ್ನದೊಂದು ಚಿಕ್ಕ ಮೇಜು ಇದೆ. ಮದುವೆ, ಗೃಹಪ್ರವೇಶಗಳಿಗೆ ಕೊಳ್ಳುವ ತಟ್ಟೆ, ಲೋಟ, ಕೊಳಗಗಳ ಮೇಲೆ ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆ ಇನ್ನೂ ನಡೆದುಕೊಂಡು ಬಂದಿದೆ. ಅದಕ್ಕೆ ಕರೆಂಟಿನಿಂದ ನಡೆಯುವ ಒಂದು ಮೆಷಿನ್ ಇರುತ್ತದೆ. ದಪ್ಪ ಪೆನ್ನಿನಂತೆ ಕೈಯಲ್ಲಿ ಹಿಡಿಯಬೇಕು. ಅದು ಗರ್ರೆಂದು ಅದುರುತ್ತ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತದೆ. ಒಮ್ಮೆ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಕೈಯೇ ಬಂಡವಾಳ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನನಗೆ ನಾಲ್ಕು ದಿನ ಜ್ವರ ಬಂದು ಹೋಯಿತು. ಎರಡು ವಾರಗಳ ನಂತರ ನನ್ನ ಅಕ್ಷರಗಳು ಅಲೆಯಲೆಯಾಗಿ ಬರತೊಡಗಿದವು. ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ತಿಳಿಸುತ್ತೇನೆ. ಇಡೀ ದಿನ ಅದುರುವ ಮೆಷಿನ್ ಹಿಡಿದಿರುವ ಕೈ ತಾನೂ ಅದುರುತ್ತಿದೆಯೆಂದು ತಿಳಿಯುವುದು ಹೇಗೆ? ನಾನು ಮೆಷಿನ್ನನ್ನೇ ದೂರಿದೆ. ಮೊದಲು ಮೊನೆ ಬದಲಾಯಿಸಿದೆ, ಆಮೇಲೆ ಸ್ಪ್ರಿಂಗ್ ಹಾಕಿಸಿದೆ. ಅಂಗಡಿಗೆ ಬರುವ ಕರೆಂಟೇ ಸರಿ ಇಲ್ಲವೆಂದು ಸಾವ್ಕಾರರೊಡನೆ ವಾದವನ್ನೂ ಮಾಡಿದೆ.

ಆ ದಿನಗಳಲ್ಲೇ ಕೃಷ್ಣಮೂರ್ತಿಪುರಂನ ನಂಜುಂಡಯ್ಯ ಮೇಷ್ಟ್ರು ಎಂಬ ನಿವೃತ್ತ ಉಪಾಧ್ಯಾಯರು ನಲ್ಲಿ ಇರುವ ಒಂದು ದೊಡ್ಡ ಸ್ಟೀಲ್ ಡ್ರಮ್ ಕೊಂಡರು. ತೀರಿಕೊಂಡ ಹೆಂಡತಿಯ ನೆನಪಿಗೆ ಎಲ್ಲಿಗೋ ಕೊಡುವುದಕ್ಕೆಂದು ಹೇಳಿದರು. "ಲಲಿತಮ್ಮನವರ ನೆನಪಿಗಾಗಿ" ಎಂದು ಚೀಟಿಯಲ್ಲಿ ಬರೆದುಕೊಟ್ಟು, ಸಂಜೆ ಬರುವುದಾಗಿ ಹೋದರು. ನಾನು ಬರೆದೆ. ಬರೆದು ಮುಗಿಸಿ ದೂರ ನಿಂತು ನೋಡಿದೆ. ಸಾಲು ಬಲಕ್ಕೆ ಜಾರಿತ್ತು. ಒಂದೊಂದು ಅಕ್ಷರವೂ ಚಳಿಗೆ ನಡುಗಿದಂತೆ ಇತ್ತು. ಸಾವ್ಕಾರರಿಗೆ ತೋರಿಸುವ ಧೈರ್ಯವಾಗಲಿಲ್ಲ. ಹಳೆಯ ಪೇಪರು ಸುತ್ತಿ, ದಾರ ಬಿಗಿದು, ಮೇಷ್ಟ್ರು ಬಂದಾಗ ಹಾಗೆಯೇ ಕೊಟ್ಟು ಕಳುಹಿಸಿದೆ. ಹತ್ತೊಂಬತ್ತು ವರ್ಷಗಳಲ್ಲಿ ಗಿರಾಕಿಗೆ ತೋರಿಸದೆ ಕಟ್ಟಿಕೊಟ್ಟ ಪಾತ್ರೆ ಅದೊಂದೇ.

ಮರುದಿನ ಮೆಷಿನ್ನನ್ನು ರಿಪೇರಿ ಮಾಡುವ ಅನ್ವರ್ ಅಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಅವರು ಒಂದು ಹಳೆಯ ಮುಚ್ಚಳದ ಮೇಲೆ ಗೆರೆ ಎಳೆದರು. ಗೆರೆ ನೇರವಾಗಿ ಬಂತು.

"ಮೆಷಿನ್ ಸರಿಗೈತಲ್ಲಕ್ಕ," ಎಂದರು.

"ಇಲ್ಲ ಅಣ್ಣ, ನೀವು ಸರೀಗೆ ನೋಡಿ. ನನ್ನ ಕೈಲಿ ಹಿಡಿದ್ರೆ ಕುಣಿಯುತ್ತೆ."

ಅನ್ವರ್ ಅಣ್ಣ ಸ್ವಿಚ್ ಆರಿಸಿದರು. ಪ್ಲಗ್ ಕೂಡ ಕಿತ್ತು ಕೆಳಗಿಟ್ಟರು. ಆಮೇಲೆ ಮೆಷಿನ್ನನ್ನು ನನ್ನ ಕೈಗೆ ಕೊಟ್ಟು, "ಎಲ್ಲಿ, ಈ ಚುಕ್ಕಿ ಮೇಲೆ ಮೊನೆ ಇಡಿ," ಎಂದರು. ನಾನು ಇಡಲು ಹೋದೆ. ಮೊನೆ ಚುಕ್ಕಿಯನ್ನು ದಾಟಿತು, ಹಿಂದಕ್ಕೆ ಬಂತು, ಮತ್ತೆ ದಾಟಿತು, ಮುಚ್ಚಳಕ್ಕೆ ಟಕಟಕ ಬಡಿಯಿತು.

ಅವರು ಬಹಳ ಮೆಲ್ಲಗೆ ಹೇಳಿದರು: "ಅಕ್ಕಾ, ಕರೆಂಟೇ ಇಲ್ಲ ಕಣಕ್ಕ."

ಆ ಮಾತಿಗಿಂತ ದೊಡ್ಡ ಪರೀಕ್ಷೆಯ ಫಲಿತಾಂಶ ನನಗೆ ಮುಂದೆ ಯಾವ ಆಸ್ಪತ್ರೆಯಲ್ಲೂ ಬರಲಿಲ್ಲ.

ಒಂದು ವಾರದಲ್ಲಿ ನಡಿಗೆಯೂ ಹೋಯಿತು. ನಿಂತರೆ ಎಡಕ್ಕೆ ವಾಲುತ್ತಿದ್ದೆ, ಮಾತು ಎಳೆಯುತ್ತಿತ್ತು. ನನ್ನ ಯಜಮಾನರು ಸಿದ್ದರಾಜು ಟೈಲ್ಸ್ ಹಾಕುವ ಕೆಲಸ ಮಾಡುತ್ತಾರೆ. ಆಸ್ಪತ್ರೆಗೆ ಹೊರಟ ದಿನ ಅವರಿಗೆ ಒಪ್ಪಿಕೊಂಡಿದ್ದ ಮನೆಯ ಕೆಲಸ ಬಿಟ್ಟುಬರಲು ಆಗದ್ದರಿಂದ, ನಾನು ನನ್ನ ಅತ್ತೆ ಚಿಕ್ಕತಾಯಮ್ಮನವರ ಭುಜ ಹಿಡಿದು ಬಸ್ಸು ಹತ್ತಿದೆ. ಎರಡು ಸಲ ಮುಗ್ಗರಿಸಿದ್ದನ್ನು ಕಂಡು ಹಿಂದಿನ ಸೀಟಿನ ಒಬ್ಬ ಪ್ರಯಾಣಿಕ, "ಬೆಳಬೆಳಗ್ಗೇನೇ ಏರುಸ್ಕೊಂಡ್ ಬಂದವ್ಳೆ ನೋಡು," ಎಂದ. ಹೆಂಗಸಿಗೆ ಆ ಮಾತು ಎಷ್ಟು ನೋಯುತ್ತದೆಂದು ತಮಗೆ ವಿವರಿಸುವ ಅಗತ್ಯವಿಲ್ಲ. ನಾನು ತಲೆ ತಗ್ಗಿಸಿದೆ. ಅತ್ತೆ ಮಾತ್ರ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು:

"ಊಂ ಕಣಪ್ಪಾ, ನಾನೇ ಉಯ್ದು ಕರ್ಕ ಬಂದಿವ್ನಿ. ಡಾಕ್ಟ್ರಿಗೂ ಒಸಿ ಮಡಗಿವ್ನಿ. ನಿಂಗೂ ಬೇಕಾ?"

ಬಸ್ಸು ನಕ್ಕಿತು. ಆತ ಎದ್ದು ನನಗೆ ಸೀಟು ಕೊಟ್ಟ. ಈ ಕಾಯಿಲೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಅಂದೇ.

ಈಗ ತಾವು ಕುಳಿತಿರುವ ಬೆಂಚಿನ ವಿಷಯಕ್ಕೆ ಬರುತ್ತೇನೆ. ಆ ಹಾಲ್‌ನಲ್ಲಿ ನನಗೆ ಕಂಡದ್ದು ಭಯವೊಂದೇ ಅಲ್ಲ, ಬಾಯಾರಿಕೆಯೂ ಹೌದು. ಗಂಟೆಗಟ್ಟಲೆ ಕುಳಿತರೂ ಯಾರೂ ನೀರಿಗೆ ಏಳುವುದಿಲ್ಲ. ಎದ್ದು ಹೋದಾಗಲೇ ಹೆಸರು ಕರೆದುಬಿಟ್ಟರೆ ಎಂಬ ಹೆದರಿಕೆ. ನಾನೂ ಎದ್ದಿರಲಿಲ್ಲ. ಕೊನೆಗೆ ಅತ್ತೆ, "ಆ ಮೂಲೇಲಿ ಒಸಾ ಡ್ರಮ್ಮದೆ, ತತ್ತೀನಿ ಇರು," ಎಂದು ಎದ್ದರು. ನಾನು ಅತ್ತ ನೋಡಿದೆ.

ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಸದರಿ ಡ್ರಮ್ ಇತ್ತು. ಬಲಕ್ಕೆ ಜಾರಿದ ಸಾಲು, ಚಳಿ ಹಿಡಿದ ಅಕ್ಷರಗಳು. ಲಲಿತಮ್ಮನವರ ನೆನಪಿಗಾಗಿ.

ನಾನು ಪೇಪರು ಸುತ್ತಿ ಬಚ್ಚಿಟ್ಟದ್ದನ್ನು ಇಡೀ ಮೈಸೂರಿನ ಕಣ್ಣೆದುರು ಇಟ್ಟಹಾಗೆ ಆಯಿತು. ಅತ್ತೆ ತಂದ ನೀರನ್ನು ಕುಡಿಯಲು ಹೋಗಿ ಅರ್ಧವನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ.

ಅಂದಿನಿಂದ ಪರೀಕ್ಷೆಗಳು ನಡೆದವು. ಬೆನ್ನಿನಿಂದ ನೀರು ತೆಗೆದರು. ತಾವು ಕೇಳಿರುವಷ್ಟು ನೋಯುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದ ನರ್ಸಮ್ಮನವರು ನೂರು ವರ್ಷ ಬಾಳಲಿ. ಸ್ಕ್ಯಾನಿಂಗಿನ ಕೊಳವೆಯೊಳಗೆ ನನ್ನ ಮೆಷಿನ್ನಿನದೇ ಸದ್ದು ಸಾವಿರ ಪಟ್ಟು ದೊಡ್ಡದಾಗಿ ಕೇಳಿಸಿತು. ಕಣ್ಣು ಮುಚ್ಚಿ, ನಾನೇ ಒಂದು ಕೊಳಗ, ಯಾರೋ ನನ್ನ ಮೇಲೆ ಹೆಸರು ಹಾಕುತ್ತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಭಯ ಕಡಿಮೆಯಾಯಿತು.

ಡಾಕ್ಟರ್ ಸಾಹೇಬರು ಸ್ಕ್ಯಾನಿಂಗಿನ ಚಿತ್ರವನ್ನು ದೀಪಕ್ಕೆ ಹಿಡಿದು, ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿಗೆ ಉರಿಯೂತ ಬಂದಿದೆ ಎಂದರು. ನಾನು ಧೈರ್ಯ ಮಾಡಿ ಕೇಳಿದೆ: "ಮೆದುಳು ಅನ್ನೋದು ಒಂದೇ ಅಲ್ವಾ ಸಾರ್? ನನಗೆ ನೆನಪು ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ಅದೊಂದು ಜಾಗಕ್ಕೇ ಯಾಕೆ ಬಂತು?"

ಅವರು ಚಿತ್ರವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೋಡಿಯಮ್ಮ, ಮೆದುಳಿನೊಳಗೇ ಕಾಯಂ ವಾಸ ಮಾಡೋ ರಕ್ಷಣಾ ಕೋಶಗಳಿದಾವೆ. ಕಾವಲು ಕಾಯೋದೂ ಅವೇ, ಕಸ ತೆಗೆಯೋದೂ ಅವೇ. ಆದರೆ ಎಲ್ಲಾ ಬೀದಿಯಲ್ಲೂ ಅವುಗಳ ಸ್ವಭಾವ ಒಂದೇ ಅಲ್ಲ. ಕೆಲವು ಕಡೆ ನಿಧಾನಸ್ಥ, ಕೆಲವು ಕಡೆ ಬೇಗ ರೇಗ್ತವೆ. ಕಿರುಮೆದುಳಲ್ಲಿ ಇರೋದು ಕಡಿಮೆ, ಆದರೆ ಯಾವಾಗಲೂ ತುದಿಗಾಲಲ್ಲಿ ನಿಂತಿರ್ತವೆ. ಜ್ವರ ಬಂದಾಗ ಎಚ್ಚೆತ್ತವು, ಜ್ವರ ಹೋದ ಮೇಲೂ ಸುಮ್ಮನಾಗಲಿಲ್ಲ. ಪಕ್ಕದಲ್ಲಿರೋ ನರಕೋಶಗಳಿಗೇ ಏಟು ಬೀಳ್ತಾ ಇದೆ."

"ನನ್ನ ಕಾವಲೇ ನನ್ನನ್ನ ಹೊಡೀತಾ ಇದೆಯಾ ಸಾರ್?"

"ಹಾಗೇ ಇಟ್ಕೊಳ್ಳಿ. ಅಲ್ಲೇ ಯಾಕೆ ಅನ್ನೋದು ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಅವುಗಳನ್ನ ಸಮಾಧಾನ ಮಾಡೋದು ಮಾತ್ರ ಗೊತ್ತು."

"ಕೈ ಮೊದಲಿನ ಹಾಗೆ ಆಗುತ್ತಾ?"

"ಎಷ್ಟು ಕೋಶ ಬರೀ ಗಾಬರಿಯಾಗಿದಾವೆ, ಎಷ್ಟು ಹೋಗೇಬಿಟ್ಟಿದಾವೆ ಅನ್ನೋದರ ಮೇಲಿದೆ. ಪ್ರಯತ್ನ ಮಾಡೋಣ."

ಹೊರಗೆ ಬಂದ ಮೇಲೆ ಅತ್ತೆಗೆ ಇದನ್ನು ನನ್ನ ಕಸುಬಿನ ಭಾಷೆಯಲ್ಲಿ ತಿಳಿಸಿದೆ. ಹಿತ್ತಾಳೆ ಪಾತ್ರೆಗೆ ಒಳಗಡೆ ಕಲಾಯಿ ಇರುತ್ತದೆ. ಪಾತ್ರೆ ತೊಳೆಯುವವಳು ಒಳ್ಳೆಯವಳೇ, ಕೊಳೆ ತೆಗೆಯುವುದೇ ಅವಳ ಕೆಲಸ. ಆದರೆ ಕೊಳೆ ಹೋದ ಮೇಲೂ ಉಜ್ಜುತ್ತಲೇ ಇದ್ದರೆ ಕಲಾಯಿ ಕಿತ್ತು ಬರುತ್ತದೆ. ಅದೇ ನಾರು, ಅದೇ ಹುಣಿಸೆಹಣ್ಣು. ಒಂದು ಪಾತ್ರೆ ತಡೆಯುತ್ತದೆ, ಇನ್ನೊಂದು ತಡೆಯುವುದಿಲ್ಲ.

ಅತ್ತೆ ಯೋಚಿಸಿ, "ಅಂಗಾದ್ರೆ ಆ ಉಜ್ಜೋಳ್ಗೆ ಬುದ್ಧಿ ಏಳ್ಬೇಕು ಅನ್ನು," ಎಂದರು.

ಐದು ದಿನ ವಾರ್ಡಿನಲ್ಲಿಟ್ಟುಕೊಂಡು ರಕ್ತನಾಳಕ್ಕೆ ಔಷಧಿ ಹನಿಸಿದರು. ಪ್ರತಿ ಬಾಟಲಿ ಮುಗಿದಾಗಲೂ ಅತ್ತೆ ನನ್ನ ಹಿಂದಲೆಯನ್ನು ಮುಟ್ಟಿ, "ಉಜ್ಜೋಳು ಕೈ ನಿಲ್ಸಿದ್ಲಾ?" ಎಂದು ಕೇಳುತ್ತಿದ್ದರು. ಐದನೆಯ ದಿನ ನಾನು ಚಮಚವನ್ನು ಹಿಡಿದು, ಮೂರು ಸಲ ಗಲ್ಲಕ್ಕೆ ತಾಗಿಸಿ, ನಾಲ್ಕನೆಯ ಸಲ ಬಾಯಿಗಿಟ್ಟೆ. "ನಿಲ್ಸಿದ್ಲು ಅತ್ತೆ," ಎಂದೆ. ಪಕ್ಕದ ಮಂಚದವರು ಕೂಡ ಚಪ್ಪಾಳೆ ತಟ್ಟಿದರು.

ಆಮೇಲಿನ ತಿಂಗಳುಗಳಲ್ಲಿ ಮಾತ್ರೆಗಳಿಂದ ನನ್ನ ಮುಖ ಊದಿಕೊಂಡಿತು, ಹಸಿವು ಹೆಚ್ಚಿತು. "ಅಂಬಾರಿ ಒಂದು ಕಡ್ಮೆ ಕಣವ್ವ ನಿಂಗೆ," ಎಂದು ಅತ್ತೆ ಹೇಳುತ್ತಲೇ ಇನ್ನೊಂದು ರಾಗಿಮುದ್ದೆ ತಟ್ಟೆಗಿಡುತ್ತಿದ್ದರು. ಫಿಸಿಯೋಥೆರಪಿ ಮೇಡಂ ಅವರು ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ತಾಗಿಸಿ ನೇರ ಗೆರೆಯ ಮೇಲೆ ನಡೆಯಬೇಕೆಂದು ಹೇಳಿದ್ದರು. ನನ್ನ ಯಜಮಾನರು ಹೆಚ್ಚು ಮಾತನಾಡುವವರಲ್ಲ. ಆಸ್ಪತ್ರೆಯಲ್ಲೂ ಬಾಗಿಲ ಬಳಿ ನಿಂತು ಟೈಲ್ಸಿನ ಸಂದು ಸರಿಯಾಗಿದೆಯೇ ಎಂದು ನೋಡುತ್ತಿದ್ದವರು. ಅವರು ಮನೆಗೆ ಬಂದು, ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಎಳೆದು ನೆಲಕ್ಕೆ ಹೊಡೆದು, ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಕೆಂಪು ಗೆರೆ ಹಾಕಿದರು. ನೆಲದ ಮಟ್ಟ ಅಳೆಯುವ ರಸಮಟ್ಟವನ್ನೂ ಇಟ್ಟು ನೋಡಿದರು.

"ನಡೆಯೋಕೆ ರಸಮಟ್ಟ ಯಾಕ್ರೀ?" ಎಂದೆ.

"ನೆಲ ವಾಲೈತೆ ಅಂತ ನೀನು ನೆಪ ಏಳ್ಬಾರ್ದಲ್ಲ, ಅದ್ಕೆ," ಎಂದರು.

ಗೆರೆ ಅಳಿಸಿದಾಗಲೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಮತ್ತೆ ಹೊಡೆದು ಹೋಗುತ್ತಿದ್ದರು. ಅವರು ಬಾಯಿ ಬಿಟ್ಟು ಹೇಳದ ಮಾತುಗಳೆಲ್ಲ ಆ ಗೆರೆಯಲ್ಲಿದ್ದವು.

ಕೈಗೆ ಮಾತ್ರ ತಡವಾಯಿತು. ಮೂರನೆಯ ತಿಂಗಳು ಹಟ ಮಾಡಿ ಮೆಷಿನ್ನನ್ನು ಮನೆಗೆ ತರಿಸಿಕೊಂಡು, ಒಂದು ಹಳೆಯ ಮುಚ್ಚಳದ ಮೇಲೆ ಹಿಡಿದೆ. 'ಮ' ಎಂಬ ಒಂದಕ್ಷರ ಮುಚ್ಚಳದ ಅಂಚು ದಾಟಿ ಮೇಜಿನ ಮರವನ್ನೂ ಕೊರೆಯಿತು. ಅಂದು ನಾನು ಅತ್ತದ್ದನ್ನು ಬರೆಯದೆ ಬಿಟ್ಟರೆ ಈ ವಿವರ ಸುಳ್ಳಾಗುತ್ತದೆ. ಅತ್ತೆ ಮುಚ್ಚಳವನ್ನು ಒಳಗಿಟ್ಟು, ಮೊರದ ತುಂಬ ರಾಗಿಹಿಟ್ಟು ಹರಡಿ ನನ್ನೆದುರು ತಂದಿಟ್ಟರು.

"ಇದ್ರಲ್ಲಿ ಬರಿ. ಸರೀಗ್ ಬರ್ನಿಲ್ವಾ, ಒದರ್ಬುಡು, ಇನ್ನೊಂದಪ ಬರಿ. ಇಟ್ಟಿಗೇನು ಬೇಜಾರಾಯ್ತದಾ?"

"ಏನು ಬರೀಲಿ ಅತ್ತೆ?"

"ನನ್ ಎಸ್ರು ಬರಿ. ಇಷ್ಟು ವರ್ಸ ಊರೋರ್ ಎಸ್ರೆಲ್ಲಾ ಬರ್ದಿದ್ದೀಯ, ನನ್ದು ಒಂದಪನೂ ಬರ್ನಿಲ್ಲ."

ಆ ಮಾತು ನಿಜವಾಗಿತ್ತು. ದಿನಾ ಮೊರದಲ್ಲಿ ಬೆರಳಿನಿಂದ ಚಿಕ್ಕತಾಯಮ್ಮ ಎಂದು ಬರೆದೆ. ಮೊದಮೊದಲು ಮೊರದಲ್ಲಿ ಎರಡೇ ಅಕ್ಷರ ಹಿಡಿಯುತ್ತಿದ್ದವು, ಬರುಬರುತ್ತ ಪೂರ್ತಿ ಹೆಸರು ಹಿಡಿಯಿತು. ಅತ್ತೆಗೆ ಓದಲು ಬಾರದು. ಆದರೂ ಪಕ್ಕದಲ್ಲಿ ಕುಳಿತು, "ಬಾಲ ಒಸಿ ಉದ್ದ ಆಯ್ತು," ಎಂದು ತಿದ್ದುತ್ತಿದ್ದರು. ಸಂಜೆ ಅದೇ ಹಿಟ್ಟಿನಲ್ಲಿ ಮುದ್ದೆ ಆಗುತ್ತಿತ್ತು.

ಆ ದಿನಗಳಲ್ಲೇ ಮರುತಪಾಸಣೆಗೆ ಹೋದಾಗ, ನಂಜುಂಡಯ್ಯ ಮೇಷ್ಟ್ರು ಡ್ರಮ್ಮಿನ ಹತ್ತಿರ ನಿಂತು ಬಟ್ಟೆಯಿಂದ ಅದನ್ನು ಒರೆಸುತ್ತಿದ್ದರು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಆದರೆ ಅವರು ನೋಡಿಯೇಬಿಟ್ಟರು.

"ನೀವು ಪಾತ್ರೆ ಅಂಗಡಿಯವರಲ್ವೇನಮ್ಮಾ?"

ನಾನು ಎದ್ದು ನಿಂತೆ. ಬಚ್ಚಿಟ್ಟುಕೊಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ತಪ್ಪಾಯಿತೆಂದು ಕೈ ಮುಗಿದೆ. ಮುಗಿದ ಕೈಗಳೂ ಸಣ್ಣಗೆ ಅಲುಗುತ್ತಿದ್ದವು. ಮೇಷ್ಟ್ರು ಆ ಕೈಗಳನ್ನೇ ನೋಡುತ್ತ ನಿಂತರು.

"ಲಲಿತಾಗೆ ಎಂಟು ವರ್ಷ ನಡುಕದ ಕಾಯಿಲೆ ಇತ್ತು. ಇಲ್ಲೇ, ಈ ಬೆಂಚಿನ ಮೇಲೇ ಕೂರ್ತಿದ್ವಿ. ಕೊನೆಕೊನೆಗೆ ಅವಳ ಸಹಿ ಥೇಟ್ ಹೀಗೇ ಇರ್ತಿತ್ತು. ಮನೇಲಿ ಪೇಪರು ಬಿಚ್ಚಿದಾಗ ಅವಳೇ ಬರೆದ ಹಾಗಿತ್ತಮ್ಮ. ಯಾರು ಬರೆದದ್ದು ಅಂತ ಕೇಳೋಕೆ ಅಂಗಡಿಗೆ ಬಂದೆ, ನೀವು ರಜೆ ಅಂದರು."

ನಾನು ಮುಗಿದ ಕೈಗಳನ್ನು ಕೆಳಗಿಳಿಸಿದೆ.

"ಅವಳಿಗೆ ವಾಸಿಯಾಗಲಿಲ್ಲ," ಎಂದು ಅವರು ಡ್ರಮ್ಮನ್ನು ತಟ್ಟಿ ಹೇಳಿದರು. "ನಿಮಗೆ ಆಗಬೇಕು. ಇದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ. ಕೈ ಬಂದ ದಿನ ನೀವೇ ಬರೀಬೇಕು."

"ಏನಂತ ಬರೀಲಿ ಸಾರ್? ಚೀಟಿ ಕೊಡಿ."

"ಚೀಟಿ ಇಲ್ಲ. ಈ ಸಲ ಮಾತೂ ನಿಮ್ಮದೇ."

ಅಂದಿನಿಂದ ನನಗೆ ಬೇಕಾಗಿದ್ದದ್ದು ಅದೊಂದೇ: ಆ ಖಾಲಿ ಜಾಗ ತುಂಬುವುದು. ಮಣಿಕಟ್ಟಿಗೆ ಮರಳಿನ ಚೀಲ ಕಟ್ಟಿಕೊಂಡು ಸ್ಲೇಟಿನ ಮೇಲೆ ಬರೆದೆ, ಆಮೇಲೆ ಚೀಲ ಬಿಚ್ಚಿ ಬರೆದೆ. ಅನ್ವರ್ ಅಣ್ಣ ಮೆಷಿನ್ನಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ತೂಕ ಕೂಡಿಸಿಕೊಟ್ಟರು. ಡಾಕ್ಟರ್ ಸಾಹೇಬರು ಒಂದೊಂದಾಗಿ ಮಾತ್ರೆ ಇಳಿಸಿದರು. ಎರಡನೆಯ ಸ್ಕ್ಯಾನಿಂಗ್ ನೋಡಿ, "ಕಾವಲಿನವರು ಸುಮ್ಮನಾಗಿದಾರೆ. ಹೋದದ್ದು ಸ್ವಲ್ಪ ಹೋಗಿದೆ, ಉಳಿದವರು ಆ ಕೆಲಸ ಕಲಿತುಕೊಳ್ತಾ ಇದಾರೆ," ಎಂದರು. ಈಗಲೂ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಗೋಡೆ ಹಿಡಿದುಕೊಳ್ಳುತ್ತೇನೆ. ಅದು ಉಳಿದಿದೆ. ಉಳಿಯಲಿ.

ಒಂಬತ್ತನೆಯ ತಿಂಗಳು, ಆಸ್ಪತ್ರೆಯವರ ಅಪ್ಪಣೆ ಪಡೆದು, ನಾವೆಲ್ಲ ಆ ಹಾಲ್‌ಗೆ ಹೋದೆವು. ಡ್ರಮ್ಮನ್ನು ಖಾಲಿ ಮಾಡಿ ಬೆಂಚಿನ ಮೇಲೆ ಮಲಗಿಸಿ, ಉರುಳದಂತೆ ಅತ್ತೆ ಎರಡೂ ಕಡೆ ಹಳೆಯ ಸೀರೆ ಒತ್ತಿದರು. ನನ್ನ ಯಜಮಾನರು ರಸಮಟ್ಟ ಇಟ್ಟು ಸೀಸದ ಕಡ್ಡಿಯಿಂದ ಗೆರೆ ಎಳೆದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನಿಂತರು. ಬೆಂಚುಗಳ ಮೇಲಿದ್ದವರೆಲ್ಲ ನೋಡುತ್ತಿದ್ದರು. ನಾನು ಸ್ವಿಚ್ ಹಾಕಿದೆ. ಮೆಷಿನ್ ಅದುರಿತು. ಮೊನೆಯನ್ನು ಗೆರೆಯ ಮೇಲೆ ಇಟ್ಟೆ.

ಕೈ ಅದುರಲಿಲ್ಲ. ಮೆಷಿನ್ ಒಂದೇ ಅದುರುತ್ತಿತ್ತು.

ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಯ ಅಕ್ಷರ ಮುಗಿಸಿ ದೂರ ನಿಂತು ನೋಡಿದೆ. ಮೇಲಿನ ಸಾಲು ನಡುಗುತ್ತ ಬಲಕ್ಕೆ ಜಾರಿತ್ತು. ಕೆಳಗಿನ ಸಾಲು ಕಟ್ಟಿದ ದಾರದಂತೆ ನೇರವಾಗಿತ್ತು:

ನೀರು ಕುಡಿದು ಬನ್ನಿ. ನಿಮ್ಮ ಸರದಿ ಎಲ್ಲಿಗೂ ಹೋಗುವುದಿಲ್ಲ.

ಮೇಷ್ಟ್ರು ಅದನ್ನು ಜೋರಾಗಿ ಓದಿದರು. ಡ್ರಮ್ಮಿಗೆ ಮತ್ತೆ ನೀರು ತುಂಬಿ ಸ್ಟೂಲಿನ ಮೇಲಿಟ್ಟಾಗ, ಮೊದಲ ಲೋಟವನ್ನು ನಾನೇ ಹಿಡಿದು, ಒಂದು ಹನಿಯೂ ಚೆಲ್ಲದೆ ಅತ್ತೆಗೆ ಕೊಟ್ಟೆ. ಅವರು ಕುಡಿದು, ಬಾಯಿ ಒರೆಸಿಕೊಂಡು, "ನನ್ ಎಸ್ರು ಎಲ್ಲಿ?" ಎಂದು ಕೇಳಿದರು. ಹಾಲ್ ನಕ್ಕಿತು. ಮನೆಯಲ್ಲಿ ಅವರು ಊಟ ಮಾಡುವ ತಟ್ಟೆಯ ಮೇಲೆ ಅದೇ ಸಂಜೆ ಅವರ ಹೆಸರು ಬಂತೆಂದು ತಮ್ಮ ಅವಗಾಹನೆಗೆ ತರುತ್ತೇನೆ. ನಾನೀಗ ನನ್ನ ಮೇಜಿಗೆ ವಾಪಸು ಹೋಗಿದ್ದೇನೆ.

"ಹೊಸಬರು ಇಲ್ಲಿ ಬಂದು ಅಳ್ತಾ ಕೂರ್ತಾರೆ ಮಹದೇವಮ್ಮ. ನಾನು ಹೇಳಿದರೆ ನಂಬಲ್ಲ, ನೀವು ಬರೆದುಕೊಡಿ," ಎಂದು ಮೇಡಂ ಅವರು ಆದೇಶಿಸಿದ್ದರಿಂದ ಇಷ್ಟನ್ನು ಬರೆದಿದ್ದೇನೆ. ತಮ್ಮ ಕಾಯಿಲೆ ನನ್ನದಕ್ಕಿಂತ ಬೇರೆಯಾಗಿರಬಹುದು, ಗುಣವಾಗುವ ಬಗೆಯೂ ಬೇರೆಯಾಗಿರಬಹುದು. ಆದರೂ ಎದ್ದು ಆ ಮೂಲೆಗೆ ಹೋಗಿ, ಎರಡೂ ಸಾಲುಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕೆಂದು ಕೋರುತ್ತೇನೆ. ಎರಡೂ ಒಂದೇ ಕೈಯವು.

ಈ ಕಾಗದದಲ್ಲಿ ಕಾಗುಣಿತದ ತಪ್ಪು, ಒತ್ತಕ್ಷರದ ತಪ್ಪು, ತಿಳಿವಳಿಕೆಯ ತಪ್ಪು ಏನೇ ಕಂಡುಬಂದರೂ ದಯಮಾಡಿ ಅಲ್ಲಲ್ಲೇ ತಿದ್ದಬೇಕಾಗಿ ವಿನಂತಿ. ಕಾಗದವಾದ್ದರಿಂದ ತಿದ್ದಲು ಬರುತ್ತದೆ. ಡ್ರಮ್ಮಿನ ಮೇಲಿನ ಮೊದಲನೆಯ ಸಾಲನ್ನು ಮಾತ್ರ ಯಾರೂ ತಿದ್ದತಕ್ಕದ್ದಲ್ಲ.

ತಮ್ಮ ವಿಧೇಯಳು,

(ಸಹಿ) ಮಹದೇವಮ್ಮ